ಪೈಕ್‌ನ ಗಾಲಿಕುರ್ಚಿ: ಸ್ಟಾರ್ ಟ್ರೆಕ್‌ನಲ್ಲಿ ಕ್ಯಾನನ್ ಅಂದ್ರೆ ಏನು, ಅದನ್ನ ಉಳಿಸ್ಕೊಳ್ಳೋದು ಅಂದ್ರೆ ಏನು

ನಮ್ಮಮ್ಮ ಸಂಜೆ ನೋಡೋ ಸೀರಿಯಲ್ ಒಂದರಲ್ಲಿ ಹೋದ ವರ್ಷ ಹೀರೋ ಪಾತ್ರ ಮಾಡ್ತಿದ್ದೋರು ಬದಲಾದ್ರು. ಹೊಸಬರು ಬಂದ್ರು, ಎತ್ತರ ಬೇರೆ, ದನಿ ಬೇರೆ, ಮುಖಕ್ಕಂತೂ ಸಂಬಂಧಾನೇ ಇಲ್ಲ. ಅಮ್ಮ ಎರಡು ದಿನ ಗೊಣಗಿದ್ರು, ಮೂರನೇ ದಿನಕ್ಕೆ ಒಪ್ಕೊಂಡ್ರು. ಆದ್ರೆ ಅದೇ ಸೀರಿಯಲ್‌ನಲ್ಲಿ ಆರು ತಿಂಗಳು ಅತ್ತೆ ಕೈಲಿ ಅನುಭವಿಸಿ ಅನುಭವಿಸಿ ಕೊನೆಗೊಂದು ದಿನ ಎಲ್ಲರೆದುರು ನಿಂತು ಇನ್ನು ಈ ಮನೆ ಹೊಸಿಲು ತುಳಿಯಲ್ಲ ಅಂತ ಹೊರಗೆ ಹೋದ ಸೊಸೆ, ಮುಂದಿನ ವಾರ ಏನೂ ಆಗೇ ಇಲ್ಲ ಅನ್ನೋ ಹಾಗೆ ಅದೇ ಅಡುಗೆಮನೇಲಿ ಒಗ್ಗರಣೆ ಹಾಕ್ತಾ ನಿಂತಿದ್ಲು. ಅಮ್ಮ ರಿಮೋಟ್ ತಗೊಂಡು ಟಿವಿ ಆಫ್ ಮಾಡಿದ್ರು. "ಹಾಗಾದ್ರೆ ಅವತ್ತು ನಾನು ಅತ್ತಿದ್ದು ಯಾಕೆ?" ಅಂದ್ರು. ಆ ಸೀರಿಯಲ್ ಮತ್ತೆ ನಮ್ಮನೇಲಿ ಹಾಕಿಲ್ಲ.

ಸ್ಟಾರ್ ಟ್ರೆಕ್ ಅಂದ್ರೆ ಎಂಟರ್‌ಪ್ರೈಸ್ ಮತ್ತೆ ಅಂಥಾ ಬಾಹ್ಯಾಕಾಶ ನೌಕೆಗಳಲ್ಲಿ ಸುತ್ತೋರ ಕಥೆ ಹೇಳೋ ಅಮೆರಿಕದ ಟಿವಿ ಸರಣಿ, ಸಿನಿಮಾಗಳ ಸಾಲು. ನಾನು ಅದನ್ನ ನೋಡೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು, ಬನಶಂಕರಿಯ ನಮ್ಮ ಮನೆ ಹಾಲ್‌ನಲ್ಲಿ ಕೂತು ನೋಡಿದ್ದೇ ಹೆಚ್ಚು, ಮತ್ತೆ ಗೆಳೆಯರ ಜೊತೆ ದರ್ಶಿನಿ ಮುಂದೆ ನಿಂತು ಕಾಫಿ ಲೋಟ ಆರಿಹೋಗೋವರೆಗೂ ಅದರ ಬಗ್ಗೆ ವಾದ ಮಾಡಿದ್ದೂ ಹೆಚ್ಚು. ಆ ವಾದಗಳಲ್ಲಿ ಮುಕ್ಕಾಲು ಪಾಲು ಒಂದೇ ಪದದ ಸುತ್ತ: ಕ್ಯಾನನ್. ಇದು ಕ್ಯಾನನ್ನಾ ಅಲ್ವಾ, ಅವರು ಕ್ಯಾನನ್ ಮುರಿದ್ರಾ ಇಲ್ವಾ. ಹೊಸದಾಗಿ ನೋಡೋಕೆ ಶುರು ಮಾಡಿದ ನನ್ನ ಕಸಿನ್ ಒಬ್ಬಳು ಮೊನ್ನೆ ಕೇಳಿದ್ಲು, ಅರವತ್ತು ವರ್ಷದ ಕಥೇಲಿ ಒಂದೆರಡು ತಪ್ಪು ಇದ್ರೆ ಏನೀಗ, ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಾ ಅಂತ. ಸರಿಯಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಬರೀತಿದೀನಿ.

ಕ್ಯಾನನ್ ಅನ್ನೋದು ಮೂಲದಲ್ಲಿ ಗ್ರೀಕ್ ಪದ, ಅಳತೆಗೋಲು ಅಂತ ಅರ್ಥ. ಮುಂದೆ ಚರ್ಚ್‌ನವರು ಯಾವ ಗ್ರಂಥ ಪ್ರಮಾಣ, ಯಾವುದು ಅಲ್ಲ ಅಂತ ವಿಂಗಡಿಸೋಕೆ ಅದನ್ನ ಬಳಸಿದ್ರು. ಕಥೆಗಳ ಲೋಕಕ್ಕೆ ಅದು ಬಂದಿದ್ದು ಷರ್ಲಾಕ್ ಹೋಮ್ಸ್ ಓದುಗರಿಂದ, ಕಾನನ್ ಡಾಯ್ಲ್ ಬರೆದದ್ದೆಲ್ಲ ಪ್ರಮಾಣ, ಬೇರೆಯವರು ಆ ಪಾತ್ರ ಇಟ್ಕೊಂಡು ಬರೆದದ್ದು ಪ್ರಮಾಣ ಅಲ್ಲ ಅಂತ. ಟಿವಿ ಫ್ರಾಂಚೈಸ್ ವಿಷಯದಲ್ಲಿ ಇದರರ್ಥ ಇಷ್ಟೇ: ಈ ಕಥಾಲೋಕದಲ್ಲಿ 'ನಿಜವಾಗ್ಲೂ ನಡೀತು' ಅಂತ ಎಲ್ಲರೂ ಒಪ್ಪೋ ಘಟನೆಗಳ ಮೊತ್ತ. ಮುಂದೆ ಬರೋ ಬರಹಗಾರರು ಅದರ ಮೇಲೆ ಕಟ್ಟಬೇಕು, ಅದನ್ನ ಇಲ್ಲ ಅನ್ನೋ ಹಾಗಿಲ್ಲ.

ಕೇಳೋಕೆ ಸರಳ. ಆದ್ರೆ ಸ್ಟಾರ್ ಟ್ರೆಕ್ ವಿಷಯದಲ್ಲಿ ಈ ಮೊತ್ತ ಹೇಗೆ ಕೂಡ್ತು ಅಂತ ನೋಡಿದ್ರೆ, ಅಡಿಪಾಯ ಹಾಕಿದೋರಿಗೇ ತಾವು ಅಡಿಪಾಯ ಹಾಕ್ತಿದೀವಿ ಅಂತ ಗೊತ್ತಿರ್ಲಿಲ್ಲ.

ಮೊದಲ ಸರಣಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1966ರ ಸೆಪ್ಟೆಂಬರ್ 8ಕ್ಕೆ ಶುರುವಾಗಿ 1969ರ ಜೂನ್‌ನಲ್ಲಿ ಮುಗೀತು, ಮೂರು ಸೀಸನ್, 79 ಎಪಿಸೋಡ್. ವಾರಕ್ಕೊಂದು ಎಪಿಸೋಡ್ ಕೊಡಬೇಕು, ದುಡ್ಡು ಕಮ್ಮಿ, ಸಮಯ ಅದಕ್ಕಿಂತ ಕಮ್ಮಿ. ಮನೇಲಿ ರೆಕಾರ್ಡ್ ಮಾಡಿ ಮತ್ತೆ ನೋಡೋ ಸೌಕರ್ಯ ಯಾರಿಗೂ ಇರ್ಲಿಲ್ಲ, ಹಾಗಾಗಿ ಮೂರನೇ ವಾರ ಹೇಳಿದ್ದು ಇಪ್ಪತ್ತನೇ ವಾರ ಯಾರಿಗೆ ನೆನಪಿರತ್ತೆ ಅನ್ನೋದು ಆಗ ತಪ್ಪು ಲೆಕ್ಕ ಏನಲ್ಲ. ಚಾನೆಲ್‌ನೋರಿಗೆ ತೋರಿಸೋಕೆ ಪ್ರಯೋಗಕ್ಕೆ ಅಂತ ಮಾಡಿದ ಎರಡನೇ ಪೈಲಟ್ ಎಪಿಸೋಡ್‌ನಲ್ಲಿ ಒಂದು ಸಮಾಧಿ ಕಲ್ಲಿನ ಮೇಲೆ ಕ್ಯಾಪ್ಟನ್ ಹೆಸರು ಜೇಮ್ಸ್ ಆರ್. ಕರ್ಕ್ ಅಂತ ಇದೆ. ಮುಂದೆ ಅವನು ಜೇಮ್ಸ್ ಟಿ. ಕರ್ಕ್ ಆದ. ಆ 'ಟಿ' ಅಂದ್ರೆ ಟೈಬೀರಿಯಸ್ ಅಂತ ಮೊದಲು ಕೇಳಿಬಂದಿದ್ದು 1974ರಲ್ಲಿ, ಅದೂ ಕಾರ್ಟೂನ್ ಸರಣಿಯಲ್ಲಿ, ನಟರು ನಟಿಸಿದ ಸಿನಿಮಾದಲ್ಲಿ ಆ ಹೆಸರು ಬರೋಕೆ 1991 ಆಗಬೇಕಾಯ್ತು. ಅದೇ ಎರಡನೇ ಪೈಲಟ್‌ನಲ್ಲಿ ನೌಕೆಯ ಅಧಿಕಾರಿ, ವಲ್ಕನ್ ಅನ್ನೋ ಬೇರೆ ಗ್ರಹದ ಸ್ಪಾಕ್ ತನ್ನ ಪೂರ್ವಜರಲ್ಲಿ ಒಬ್ಬರು ಭೂಮಿಯ ಹೆಂಗಸನ್ನ ಮದುವೆ ಆಗಿದ್ರು ಅಂತಾನೆ, ಏನೋ ನಾಲ್ಕು ತಲೆಮಾರಿನ ಹಿಂದಿನ ವಿಷಯ ಅನ್ನೋ ಥರ. ಮುಂದೆ ನೋಡಿದ್ರೆ ಆ ಹೆಂಗಸು ಅವನ ಸ್ವಂತ ತಾಯಿ! ಮೊದಲ ಕೆಲವು ವಾರ ಈ ನೌಕೆಗಳನ್ನ ನಡೆಸೋ ಸ್ಟಾರ್‌ಫ್ಲೀಟ್ ಅನ್ನೋ ಹೆಸರೇ ಇಲ್ಲ, ಹಲವು ಗ್ರಹಗಳ ಒಕ್ಕೂಟವಾದ ಫೆಡರೇಶನ್ ಅನ್ನೋದೂ ಇಲ್ಲ, ಕ್ಯಾಪ್ಟನ್ ಕರ್ಕ್ ಒಂದು ಎಪಿಸೋಡ್‌ನಲ್ಲಿ ತಾನು ಭೂಮಿಯ ಬಾಹ್ಯಾಕಾಶ ಏಜೆನ್ಸಿಯ ಕೆಳಗೆ ಕೆಲಸ ಮಾಡೋದು ಅಂತಾನೆ.

ಒಂದು ಕಡೆ ಮಾತ್ರ ಅವರು ಮುಂಜಾಗ್ರತೆ ತಗೊಂಡಿದ್ರು, ಅದು ನಂಗೆ ತುಂಬಾ ಇಷ್ಟ. ಕಥೆ ಯಾವ ಇಸವೀಲಿ ನಡೀತಿದೆ ಅಂತ ಹೇಳಬಾರದು ಅಂತ ತೀರ್ಮಾನ ಮಾಡಿ ಸ್ಟಾರ್‌ಡೇಟ್ ಅನ್ನೋ ಲೆಕ್ಕ ತಂದ್ರು. ಬರಹಗಾರರಿಗೆ ಕೊಟ್ಟ ಕೈಪಿಡೀಲಿ ಇದ್ದ ಸೂಚನೆ ಏನು ಅಂದ್ರೆ ಯಾವುದಾದ್ರೂ ನಾಲ್ಕು ಅಂಕಿ ಆರಿಸ್ಕೊಳ್ಳಿ, ಒಂದು ದಶಮಾಂಶ ಹಾಕಿ, ಅಷ್ಟೇ. ಗೊತ್ತಿಲ್ಲದ್ದನ್ನ ಹೇಳದೇ ಇರೋದು, ಆಮೇಲೆ ಬರೋರಿಗೆ ಜಾಗ ಬಿಡೋದು, ಇದೂ ಕ್ಯಾನನ್ ಕಾಪಾಡೋ ಒಂದು ದಾರಿ. ಇಂಥಾ ಇಸವಿ ಅಂತ ಸ್ಪಷ್ಟವಾಗಿ ಬಂದಿದ್ದು 1988ರಲ್ಲಿ, ನೆಕ್ಸ್ಟ್ ಜನರೇಶನ್ ಸರಣಿಯ ಮೊದಲ ಸೀಸನ್ ಕೊನೇಲಿ, ಇದು 2364 ಅಂತ. ಒಂದು ಗೂಟ ನೆಟ್ಟ ಮೇಲೆ ಉಳಿದದ್ದನ್ನೆಲ್ಲ ಅದರಿಂದ ಅಳೀಬಹುದು. ಆ ಕಾಲದ ಸರಣಿಗಳಲ್ಲಿ ಗ್ರಾಫಿಕ್ಸ್ ಕೆಲಸ ಮಾಡ್ತಿದ್ದ ಮೈಕಲ್ ಒಕೂಡ ಮತ್ತೆ ಡೆನಿಸ್ ಒಕೂಡ ದಂಪತಿ ಹಳೇ ಎಪಿಸೋಡ್‌ಗಳನ್ನೆಲ್ಲ ಕೂತು ನೋಡಿ, ಮಾತು ಮಾತು ಹೆಕ್ಕಿ, 1993ರಲ್ಲಿ ಒಂದು ಕಾಲಾನುಕ್ರಮಣಿಕೆ ಪುಸ್ತಕಾನೇ ತಂದ್ರು. ನಮ್ಮಲ್ಲಿ ಶಾಸನ ಓದಿ ರಾಜರ ವಂಶಾವಳಿ ಜೋಡಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ.

ಅಂದ್ರೆ ಕ್ಯಾನನ್ ಯಾರೋ ಮೊದಲೇ ಬರೆದಿಟ್ಟ ಸಂವಿಧಾನ ಅಲ್ಲ. ಅವಸರದಲ್ಲಿ, ಅನಿವಾರ್ಯದಲ್ಲಿ ಆಡಿದ ಮಾತುಗಳು ಗಟ್ಟಿಯಾಗಿ ಕಲ್ಲಾಗಿದ್ದು.

ಹಾಗಾದ್ರೆ ಯಾವುದು ಒಳಗೆ, ಯಾವುದು ಹೊರಗೆ? ಸ್ಟಾರ್ ಟ್ರೆಕ್‌ನಲ್ಲಿ ಬಹಳ ಕಾಲದಿಂದ ಇರೋ ಸಾಮಾನ್ಯ ನಿಯಮ, ಟಿವಿ ಮತ್ತು ಸಿನಿಮಾ ಪರದೆ ಮೇಲೆ ಬಂದದ್ದು ಕ್ಯಾನನ್, ಕಾದಂಬರಿ ಕಾಮಿಕ್ಸ್ ಗೇಮ್ ಅಲ್ಲ. ಆದ್ರೆ ಗಡಿ ಅಲುಗಾಡ್ತಾನೇ ಇರತ್ತೆ. 1973-74ರ ಕಾರ್ಟೂನ್ ಸರಣಿ, 22 ಎಪಿಸೋಡ್, ಹೆಚ್ಚಿನ ಮೂಲ ನಟರದ್ದೇ ದನಿ, ಎಮ್ಮಿ ಪ್ರಶಸ್ತೀನೂ ಬಂತು. ಎಂಬತ್ತರ ದಶಕದ ಕೊನೇಲಿ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಕಡೆಯೋರು ಅದನ್ನ ಕ್ಯಾನನ್‌ನಿಂದ ಆಚೆ ಇಟ್ರು. ಆದ್ರೂ ಆಮೇಲೆ ಬಂದ ಬರಹಗಾರರು ಅದನ್ನ ಪ್ರೀತಿಯಿಂದ ಒಂದೊಂದೇ ಚೂರು ಒಳಗೆ ತಂದ್ಕೊಂಡ್ರು. ಎಂಟರ್‌ಪ್ರೈಸ್ ನೌಕೆಯ ಮೊದಲ ಕ್ಯಾಪ್ಟನ್ ರಾಬರ್ಟ್ ಏಪ್ರಿಲ್ ಆ ಕಾರ್ಟೂನ್‌ನಲ್ಲಿ ಮಾತ್ರ ಕಾಣಿಸ್ಕೊಂಡಿದ್ದ ಪಾತ್ರ, 2022ರಲ್ಲಿ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಅನ್ನೋ, ಕರ್ಕ್‌ಗಿಂತ ಮುಂಚಿನ ಕಥೆ ಹೇಳೋ ಸರಣಿಯಲ್ಲಿ ಜೀವಂತ ನಟನ ರೂಪದಲ್ಲಿ ಬಂದ. ಇದು ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ. ಆ ಹೆಸರಿನ ಥಿಯೇಟರ್ ಹೋಗಿ ಎಷ್ಟೋ ಕಾಲ ಆಯ್ತು, ಬೋರ್ಡ್ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ ಅಂತಿದೆ, ಆದ್ರೆ ಕಂಡಕ್ಟರ್ ಕೂಗೋದು ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತಾನೇ, ಜನ ಬಿಡದೇ ಹಿಡ್ಕೊಂಡಿದ್ದು ಕೊನೆಗೆ ದಾಖಲೆಯನ್ನೂ ತನ್ನ ಕಡೆ ಎಳ್ಕೊಳತ್ತೆ. ಕಾದಂಬರಿಗಳಿಗೆ ಮಾತ್ರ ಆ ಭಾಗ್ಯ ಸಿಗ್ಲಿಲ್ಲ. ಸುಮಾರು ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಹೊಂದಿಸ್ಕೊಂಡು ಬರೆದ ಕಾದಂಬರಿಗಳ ಸಾಲು 2020ರಲ್ಲಿ ಪಿಕಾರ್ಡ್ ಸರಣಿ ಬಂದಾಗ ಬೇರೆ ದಾರಿ ಹಿಡೀಬೇಕಾಯ್ತು, ಆಗ ಆ ಲೇಖಕರು ಏನೂ ಹೇಳದೇ ನಿಲ್ಲಿಸಿಬಿಡ್ಲಿಲ್ಲ, 2021ರಲ್ಲಿ ಮೂರು ಪುಸ್ತಕ ಬರೆದು ತಮ್ಮ ಲೋಕಕ್ಕೆ ತಾವೇ ಅಂತ್ಯ ಹಾಡಿದ್ರು. ಓದುಗರಿಗೆ ಅದು ದೊಡ್ಡ ಗೌರವ ಅಂತ ನನ್ನ ಭಾವನೆ.

ಬ್ರಿಟನ್ನಿನ ಟಿವಿ ಸರಣಿ ಡಾಕ್ಟರ್ ಹೂ ಬೇರೆ ಥರ, ಅದು 1963ರಲ್ಲಿ ಶುರುವಾದದ್ದು, ಅಲ್ಲಿ ಬಿಬಿಸಿ ಇದು ಕ್ಯಾನನ್ ಇದು ಅಲ್ಲ ಅಂತ ಪಟ್ಟಿ ಮಾಡೋಕೆ ಹೋಗೇ ಇಲ್ಲ. ಡಾಕ್ಟರ್ ಅನ್ನೋ ನಾಯಕ ಸಾಯೋ ಹೊತ್ತಿಗೆ ಹೊಸ ದೇಹ ತಾಳಿ ಮುಖ ಬದಲಾಗೋದು ಕೂಡ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿದ್ದಕ್ಕೆ 1966ರಲ್ಲಿ ಹುಡುಕಿದ ಉಪಾಯ. ಹನ್ನೆರಡೇ ಸಲ ಬದಲಾಗಬಹುದು ಅಂತ 1976ರಲ್ಲಿ ಯಾರೋ ಒಂದು ಮಾತು ಬರೆದ್ರು, ಆಗ ನಡೀತಿದ್ದಿದ್ದು ನಾಲ್ಕನೇ ಡಾಕ್ಟರ್, ದೂರದ ಮಾತು. 2013ಕ್ಕೆ ಆ ಲೆಕ್ಕ ನಿಜವಾಗ್ಲೂ ಮುಗಿಯೋಕೆ ಬಂತು. ಬರಹಗಾರರು ಆ ಹಳೇ ಮಾತನ್ನ ಮರೆತ ಹಾಗೆ ನಟಿಸಬಹುದಿತ್ತು, ಹಾಗೆ ಮಾಡದೇ ಅದನ್ನೇ ಕಥೆ ಮಾಡಿದ್ರು, ಡಾಕ್ಟರ್ ಸಾಯೋಕೆ ತಯಾರಾಗಿ ಮುದುಕನಾಗೋವರೆಗೂ ಒಂದು ಊರು ಕಾಯ್ತಾನೆ, ಆಮೇಲೆ ಹೊಸ ಆಯಸ್ಸು ಸಿಗತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈಗ ಕ್ಲಿಂಗನ್ ಅನ್ನೋ ಅನ್ಯಗ್ರಹದ ಯೋಧ ಜನಾಂಗದ ಹಣೆ ವಿಷಯ, ಇದಿಲ್ಲದೆ ಕ್ಯಾನನ್ ಬಗ್ಗೆ ಮಾತು ಮುಗಿಯಲ್ಲ. ಅರವತ್ತರ ದಶಕದ ಕ್ಲಿಂಗನ್ನರಿಗೆ ಮನುಷ್ಯರ ಹಾಗೇ ನುಣುಪು ಹಣೆ, ಮೇಕಪ್‌ಗೆ ದುಡ್ಡಿರ್ಲಿಲ್ಲ. 1979ರ ಸಿನಿಮಾದಲ್ಲಿ ದುಡ್ಡು ಬಂತು, ಹಣೆ ಮೇಲೆ ಏಣು ಬಂತು. ನೋಡೋರು ಸುಮ್ಮನೆ ಒಪ್ಕೊಂಡ್ರು, ಮೊದಲಿಂದಾನೂ ಹಾಗೇ ಇತ್ತು ಅನ್ಕೊಳ್ಳೋಣ ಅಂತ. ಆದ್ರೆ 1996ರಲ್ಲಿ ಮೂವತ್ತನೇ ವರ್ಷದ ಸಂಭ್ರಮಕ್ಕೆ ಡೀಪ್ ಸ್ಪೇಸ್ ನೈನ್ ಅನ್ನೋ ಮುಂದಿನ ಸರಣಿಯ ತಂಡದೋರು ತಮ್ಮ ಪಾತ್ರಗಳನ್ನ 1967ರ ಹಳೇ ಎಪಿಸೋಡ್ ಒಳಗೇ ಕಂಪ್ಯೂಟರ್ ಕೈಚಳಕದಲ್ಲಿ ಸೇರಿಸಿದ್ರು, ಅವರ ಕ್ಲಿಂಗನ್ ಅಧಿಕಾರಿ, ಏಣು ಹಣೆಯ ವರ್ಫ್, ನುಣುಪು ಹಣೆಯೋರ ಪಕ್ಕದಲ್ಲೇ ಕೂತ. ಇನ್ನು ಮುಚ್ಚಿಡೋ ಹಾಗಿಲ್ಲ. ಜೊತೆಯೋರು ಇದೇನಪ್ಪಾ ಅಂತ ಕೇಳ್ತಾರೆ, ವರ್ಫ್ ಮುಖ ಬಿಗಿ ಮಾಡ್ಕೊಂಡು, ಹೌದು ಅವರೂ ಕ್ಲಿಂಗನ್ನರೇ, ಆದ್ರೆ ಹೊರಗಿನೋರ ಜೊತೆ ನಾವು ಅದನ್ನ ಮಾತಾಡಲ್ಲ ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳ್ತಾನೆ. ಒಂದೇ ಸಾಲು. ಮೇಕಪ್‌ಗೆ ದುಡ್ಡಿಲ್ಲದ ಕೊರತೆ ಒಂದು ಜನಾಂಗದ ಅವಮಾನದ ನೆನಪಾಗಿಬಿಡ್ತು. 2005ರಲ್ಲಿ ಎಂಟರ್‌ಪ್ರೈಸ್ ಅನ್ನೋ ಹೆಸರಿನದ್ದೇ ಇನ್ನೊಂದು ಸರಣಿಯೋರು ಎರಡು ಎಪಿಸೋಡ್ ತಗೊಂಡು ಪೂರ್ತಿ ಕಾರಣ ಕೊಟ್ರು, ಮನುಷ್ಯರ ತಿದ್ದಿದ ಜೀನ್ ಬಳಸೋಕೆ ಹೋಗಿ ವೈರಸ್ ಹಬ್ಬಿ ಹಣೆಯ ಏಣು ಕಳ್ಕೊಂಡ್ರು ಅಂತ. ಜಾಣ್ಮೆಯ ಕಥೆ, ತಪ್ಪೇನಿಲ್ಲ, ಆದ್ರೆ ನನ್ನ ಕೇಳಿದ್ರೆ ವರ್ಫ್‌ನ ಆ ಒಂದು ಸಾಲೇ ಸಾಕಿತ್ತು.

ಹೀಗೆ ಹಿಂದೆ ಆಗಿದ್ದಕ್ಕೆ ಈಗ ಹೊಸ ಕಾರಣ ಅಥವಾ ಹೊಸ ಸಂಗತಿ ಸೇರಿಸೋದನ್ನ ರೆಟ್‌ಕಾನ್ ಅಂತಾರೆ. ಎಲ್ಲ ರೆಟ್‌ಕಾನ್ ಕೆಟ್ಟದ್ದು ಅಂತ ನಮ್ಮಲ್ಲಿ ಒಂದು ಮೂಢನಂಬಿಕೆ ಇದೆ. ಹಾಗಲ್ಲ. ಕೆಲವು ಸಲ ಬೇರೆ ದಾರೀನೇ ಇರಲ್ಲ. 1967ರಲ್ಲಿ ಖಾನ್ ಅನ್ನೋ ಪಾತ್ರ ತಂದಾಗ ಅವನು 1990ರ ದಶಕದ ಮಹಾಯುದ್ಧದ ಸರ್ವಾಧಿಕಾರಿ ಅಂದಿದ್ರು. ತೊಂಬತ್ತರ ದಶಕ ಬಂತು, ಹೋಯ್ತು, ನಾವೆಲ್ಲ ಅದರಲ್ಲೇ ಬೆಳೆದ್ವಿ, ಯುದ್ಧ ಆಗ್ಲಿಲ್ಲ. 2023ರಲ್ಲಿ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಅದಕ್ಕೊಂದು ಉತ್ತರ ಕೊಡ್ತು, ಕಾಲದಲ್ಲಿ ಹಿಂದೆ ಹೋಗಿ ಕೈಯಾಡಿಸೋರ ದೆಸೆಯಿಂದ ಆ ಘಟನೆಗಳು ಮುಂದಕ್ಕೆ ತಳ್ಳಿಹೋಗಿವೆ, ಆದ್ರೆ ಆಗೋದು ತಪ್ಪಿಲ್ಲ ಅಂತ. ಇಸವಿ ಬದಲಾಯ್ತು, ಖಾನ್ ಯಾರು, ಅವನಿಂದ ಏನಾಯ್ತು ಅನ್ನೋದು ಹಾಗೇ ಉಳೀತು. ಇದು ನ್ಯಾಯ.

ಇಲ್ಲಿಗೆ ಬಂದಾಗ ನಾನು ಅಮ್ಮನ ಪ್ರಶ್ನೆಗೆ ವಾಪಸ್ ಹೋಗ್ತೀನಿ. ಮುಖ ಬದಲಾದ್ರೆ ಒಪ್ಕೊಂಡ ಅಮ್ಮ, ಸೊಸೆ ತೆತ್ತ ಬೆಲೆ ಮಾಯ ಆದಾಗ ಒಪ್ಪಲಿಲ್ಲ. ನನ್ನ ಪ್ರಕಾರ ಕ್ಯಾನನ್‌ನ ಜೀವ ಇರೋದು ಅಲ್ಲೇ. ಹಣೆ, ಯೂನಿಫಾರ್ಮ್, ಇಸವಿ, ನೌಕೆಯ ಬಟನ್‌ಗಳು, ಇವೆಲ್ಲ ಚರ್ಮ. ಪಾತ್ರಗಳು ಏನು ಕಳ್ಕೊಂಡ್ರು, ಯಾವುದಕ್ಕೋಸ್ಕರ ಕಳ್ಕೊಂಡ್ರು ಅನ್ನೋದು ಮೂಳೆ. ಚರ್ಮ ಸುಕ್ಕಾಗತ್ತೆ, ಬದಲಾಗತ್ತೆ. ಮೂಳೆ ಮುರಿದ್ರೆ ಕಥೆ ನಿಲ್ಲಲ್ಲ.

ಎರಡು ಸಾವು ಪಕ್ಕ ಪಕ್ಕ ಇಟ್ಟು ನೋಡಿ. 1982ರ ಎರಡನೇ ಸಿನಿಮಾದಲ್ಲಿ ಸ್ಪಾಕ್ ನೌಕೆ ಉಳಿಸೋಕೆ ವಿಕಿರಣದ ಕೋಣೆಗೆ ಹೋಗಿ ಸಾಯ್ತಾನೆ, ಗಾಜಿನ ಆಚೆ ಅವನು, ಈಚೆ ಕರ್ಕ್. 1984ರ ಸಿನಿಮಾದಲ್ಲಿ ಅವನನ್ನ ವಾಪಸ್ ತರ್ತಾರೆ. ಸತ್ತವನನ್ನ ಬದುಕಿಸೋದು ಕ್ಯಾನನ್‌ಗೆ ಎಲ್ಲಕ್ಕಿಂತ ದೊಡ್ಡ ಅಪಾಯ, ಆದ್ರೆ ಅವರು ಏನು ಮಾಡಿದ್ರು ನೋಡಿ: ಕರ್ಕ್ ತನ್ನ ಮಗನನ್ನ ಕಳ್ಕೊಳ್ತಾನೆ, ತನ್ನ ಎಂಟರ್‌ಪ್ರೈಸ್ ನೌಕೇನ ತಾನೇ ಕೈಯಾರೆ ಸ್ಫೋಟಿಸ್ತಾನೆ, ಅದು ಉರಿದು ಬೀಳೋದನ್ನ ನಿಂತು ನೋಡ್ತಾನೆ. ಕೊನೇಲಿ ಸ್ಪಾಕ್‌ನ ಅಪ್ಪ ಬಂದು ಎಷ್ಟು ಬೆಲೆ ತೆತ್ತೆ ನೀನು, ನಿನ್ನ ಹಡಗು, ನಿನ್ನ ಮಗ ಅಂತ ಬಾಯಿಬಿಟ್ಟೇ ಕೇಳ್ತಾನೆ. ಮೊದಲ ಸಾವಿಗೆ ಅತ್ತ ನಮ್ಮ ಕಣ್ಣೀರು ಸುಳ್ಳಾಗ್ಲಿಲ್ಲ, ಸಾಲ ಬೇರೆಯೋರ ಖಾತೆಗೆ ಹೋಯ್ತು ಅಷ್ಟೇ.

2013ರ ಇನ್‌ಟು ಡಾರ್ಕ್‌ನೆಸ್ ಸಿನಿಮಾದಲ್ಲಿ ಅದೇ ದೃಶ್ಯ ತಿರುಗಿಸಿ ಹಾಕಿದ್ರು, ಈ ಸಲ ಸಾಯೋನು ಕರ್ಕ್. ಆದ್ರೆ ಸ್ವಲ್ಪ ಹೊತ್ತಲ್ಲೇ ಖಾನ್‌ನ ರಕ್ತದಿಂದ ಮಾಡಿದ ಮದ್ದು ಕೊಟ್ಟು ಎಬ್ಬಿಸಿಬಿಡ್ತಾರೆ. ಯಾರೂ ಏನೂ ಕಳ್ಕೊಳ್ಳಲ್ಲ. ಅಷ್ಟೇ ಅಲ್ಲ, ಸತ್ತವರನ್ನ ಎಬ್ಬಿಸೋ ಮದ್ದು ಸಿಕ್ಕ ಮೇಲೆ ಆ ಲೋಕದಲ್ಲಿ ಮುಂದೆ ಯಾರಾದ್ರೂ ಯಾಕೆ ಸಾಯಬೇಕು? 2016ರ ಮುಂದಿನ ಸಿನಿಮಾ ಆ ಮದ್ದಿನ ಸುದ್ದಿಯನ್ನೇ ಎತ್ತಲ್ಲ. ತಾಂತ್ರಿಕವಾಗಿ ನೋಡಿದ್ರೆ ಇಲ್ಲಿ ಹಳೇ ಕ್ಯಾನನ್ ಒಂದು ಸಾಲೂ ಮುರಿದಿಲ್ಲ, ಯಾಕಂದ್ರೆ 2009ರಲ್ಲಿ ಶುರುವಾದ ಈ ಸಿನಿಮಾಗಳು ಕೆಲ್ವಿನ್ ಟೈಮ್‌ಲೈನ್ ಅನ್ನೋ ಬೇರೆ ಕಾಲಧಾರೇಲಿ ನಡೆಯೋದು. ಆದ್ರೂ ನಂಗೆ ಅತ್ಯಂತ ನೋವಾದದ್ದು ಇದೇ.

ಕೆಲ್ವಿನ್ ಟೈಮ್‌ಲೈನ್ ಬಗ್ಗೆ ಕೋಪ ಮಾಡ್ಕೊಳ್ಳೋ ಗೆಳೆಯರಿಗೆ ನಾನು ಪಂಪನ್ನ ನೆನಪಿಸ್ತೀನಿ. 941ರಲ್ಲಿ ಪಂಪ ಭಾರತ ಬರೆದಾಗ ದ್ರೌಪದಿ ಐವರ ಹೆಂಡತಿ ಅಲ್ಲ, ಅರ್ಜುನನೊಬ್ಬನದ್ದೇ. ಯಾಕಂದ್ರೆ ಆ ಕಾವ್ಯದಲ್ಲಿ ಅರ್ಜುನ ಅಂದ್ರೆ ಪಂಪನ ದೊರೆ ಅರಿಕೇಸರಿ. ವ್ಯಾಸರ ಕ್ಯಾನನ್‌ನಲ್ಲಿ ಇದು ಸಣ್ಣ ಬದಲಾವಣೆ ಏನಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನ್ನ ಕೊಲ್ಲೋದು ರಾಮ ಅಲ್ಲ, ಲಕ್ಷ್ಮಣ. ಮುಂದೆ ಕುಮಾರವ್ಯಾಸ ಬಂದು ಮತ್ತೆ ಐವರು ಗಂಡಂದಿರ ದ್ರೌಪದೀನ ತಂದ, ಪಂಪನ ಕಾವ್ಯಕ್ಕೆ ಒಂದು ಚೂರೂ ಕುಂದು ಬರ್ಲಿಲ್ಲ. ಕನ್ನಡದೋರಿಗೆ ಹಲವು ಟೈಮ್‌ಲೈನ್ ಹೊಸದಲ್ಲ, ಸಾವಿರ ವರ್ಷದಿಂದ ಅವನ್ನ ಪಕ್ಕ ಪಕ್ಕ ಇಟ್ಕೊಂಡು ಓದ್ತಿದೀವಿ. ಬೇರೆ ಕಾವ್ಯ ಬರೀತೀನಿ ಅಂತ ಹೇಳಿ ಬರೆಯೋನು ಹಳೇದನ್ನ ಅಳಿಸ್ತಿಲ್ಲ. ಕಷ್ಟ ಇರೋದು ಅದೇ ಕಾವ್ಯ ಮುಂದುವರಿಸ್ತೀನಿ ಅಂತ ಕೂತೋರಿಗೆ.

ಅದಕ್ಕೇ ಪ್ರೀಕ್ವೆಲ್, ಅಂದ್ರೆ ಈಗಾಗಲೇ ಬಂದ ಕಥೆಗಿಂತ ಮುಂಚಿನ ಕಥೆ, ಬರೆಯೋದು ಅತಿ ಕಷ್ಟದ ಕೆಲಸ. 2017ರ ಡಿಸ್ಕವರಿ ಸರಣಿ ಕರ್ಕ್‌ಗಿಂತ ಹತ್ತು ವರ್ಷ ಮುಂಚೆ ಶುರುವಾಯ್ತು. ಸ್ಪಾಕ್‌ಗೆ ನಾವು ಯಾವತ್ತೂ ಕೇಳದ ಒಬ್ಬ ಸಾಕು ಅಕ್ಕ ಬಂದ್ಲು, ಕಣ್ಣುಮುಚ್ಚಿ ಬಿಡೋದ್ರೊಳಗೆ ಎಲ್ಲಿಗೆ ಬೇಕಾದ್ರೂ ಹೋಗೋ ಹೊಸ ಎಂಜಿನ್ ಬಂತು, ಅಂಥಾ ಎಂಜಿನ್ ಇದ್ರೆ ಎಪ್ಪತ್ತೈದು ವರ್ಷದ ಪ್ರಯಾಣದಷ್ಟು ದೂರದಲ್ಲಿ ಸಿಕ್ಕಿಹಾಕ್ಕೊಂಡ ವಾಯೇಜರ್ ನೌಕೆಯೋರು ಏಳು ಸೀಸನ್ ಯಾಕೆ ಒದ್ದಾಡಬೇಕಿತ್ತು? 2019ರಲ್ಲಿ ಎರಡನೇ ಸೀಸನ್ ಕೊನೇಲಿ ನೌಕೇನೇ ಒಂಬೈನೂರಕ್ಕೂ ಹೆಚ್ಚು ವರ್ಷ ಮುಂದಕ್ಕೆ ಕಳಿಸಿ, ಇದರ ಬಗ್ಗೆ ಇನ್ನು ಯಾರೂ ಬಾಯಿಬಿಡೋ ಹಾಗಿಲ್ಲ ಅಂತ ಆಜ್ಞೆ ಮಾಡಿ ಗಂಟು ಬಿಚ್ಚಿದ್ರು. ಗಂಟು ಬಿಚ್ತು ನಿಜ. ಅದು ಬೀಗ ಹಾಕಿದ ಹಾಗೆ, ಉತ್ತರ ಕೊಟ್ಟ ಹಾಗಲ್ಲ.

ಗಾರ್ನ್‌ಗಳ ವಿಷಯ ಇನ್ನೂ ಸೂಕ್ಷ್ಮ. 1967ರ ಎಪಿಸೋಡ್‌ನಲ್ಲಿ ಹಲ್ಲಿ ಮುಖದ ಗಾರ್ನ್ ಜೊತೆ ಕರ್ಕ್ ಕಾದಾಡ್ತಾನೆ, ಮನುಷ್ಯರ ವಸಾಹತು ನಾಶ ಮಾಡಿದೋರು ಅವರು. ಗೆದ್ದ ಮೇಲೆ ಕರ್ಕ್ ಕೊಲ್ಲೋ ಹೊತ್ತಿಗೆ ಕೈ ತಡೀತಾನೆ, ಯಾಕಂದ್ರೆ ಅಷ್ಟರಲ್ಲಿ ಅವನಿಗೆ ಹೊಳೆದಿರತ್ತೆ, ಅವರ ಜಾಗಕ್ಕೆ ನುಗ್ಗಿದೋರು ನಾವೇ ಇರಬಹುದು ಅಂತ. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಅದೇ ಗಾರ್ನ್‌ಗಳನ್ನ ಮನುಷ್ಯರ ದೇಹದೊಳಗೆ ಮೊಟ್ಟೆ ಇಡೋ, ಬೇಟೆಯಾಡೋ ಭೀಕರ ಪ್ರಾಣಿ ಮಾಡಿತು. ಕರ್ಕ್‌ಗಿಂತ ಮುಂಚೇನೇ ಎಲ್ಲರಿಗೂ ಗಾರ್ನ್ ಗೊತ್ತಿತ್ತಾ ಅಂತ ಹಲವರು ಜಗಳ ತೆಗೆದ್ರು, ಅದು ಚರ್ಮದ ಪ್ರಶ್ನೆ, ನಂಗೆ ಅಷ್ಟು ಮುಖ್ಯ ಅಲ್ಲ. ಎದುರಿಗಿರೋನಿಗೂ ಒಂದು ಕಾರಣ ಇರಬಹುದು ಅನ್ನೋದು ಹಳೇ ಎಪಿಸೋಡ್‌ನ ಮೂಳೆ, ಅದು ಸವೀತಾ ಬರ್ತಿದೆ ಅನ್ನೋದು ನನ್ನ ಸಂಕಟ ಆಗಿತ್ತು. 2025ರ ಮೂರನೇ ಸೀಸನ್‌ನಲ್ಲಿ ನೌಕೆ ಓಡಿಸೋ ಒರ್ಟೆಗಾಸ್ ಒಂದು ಗ್ರಹದಲ್ಲಿ ಒಬ್ಬ ಗಾರ್ನ್ ಜೊತೆ ಸಿಕ್ಕಿಹಾಕ್ಕೊಂಡು ನಿಧಾನಕ್ಕೆ ಸ್ನೇಹ ಬೆಳೆಯೋ ಎಪಿಸೋಡ್ ಬಂದಾಗ, ತಡವಾಗಿಯಾದ್ರೂ ಯಾರೋ ಹಳೇ ಎಪಿಸೋಡ್ ಮತ್ತೆ ಕೂತು ನೋಡಿದಾರೆ ಅನ್ನಿಸ್ತು.

ಈಗ ಪೈಕ್. ಇದನ್ನ ಹೇಳೋಕೇ ಇಷ್ಟೆಲ್ಲ ಬರೆದದ್ದು.

ತಾಳಮದ್ದಳೆ ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಬೆಂಗಳೂರಿಗೆ ಬರ್ತಾರೆ, ನಾನು ತಪ್ಪಿಸಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದಕ್ಕೆ ಮಾತು ಕಟ್ತಾರೆ. ಪದ್ಯ ಬದಲಾಯಿಸೋ ಹಾಗಿಲ್ಲ. ವಾಲಿ ರಾಮನ್ನ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ವಾದದಲ್ಲಿ ಗೆದ್ದೇ ಬಿಟ್ಟ ಅನ್ನಿಸಬಹುದು, ಆದ್ರೂ ವಾಲಿ ಸಾಯಲೇಬೇಕು. ಕರ್ಣಭೇದನದಲ್ಲಿ ಕೃಷ್ಣ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆ ಕರೀತಾನೆ, ಕರ್ಣ ಬರಲ್ಲ, ಬರೋ ಹಾಗಿಲ್ಲ. ಅದು ಸಭೇಲಿ ಕೂತ ಎಲ್ಲರಿಗೂ ಗೊತ್ತು. ಆದ್ರೂ ಯಾಕೆ ಬರಲ್ಲ ಅಂತ ಇವತ್ತಿನ ಅರ್ಥಧಾರಿ ಏನು ಹೇಳ್ತಾರೆ ಅಂತ ಕೇಳೋಕೆ ಜನ ಮಧ್ಯರಾತ್ರಿವರೆಗೂ ಕೂತಿರ್ತಾರೆ. ಪದ್ಯ ಗಟ್ಟಿಯಾಗಿ ನಿಂತಿರೋದ್ರಿಂದಾನೇ ಅರ್ಥಕ್ಕೆ ಅಷ್ಟು ಬಲ.

1964ರ ಕೊನೇಲಿ ಚಿತ್ರೀಕರಿಸಿದ ಸ್ಟಾರ್ ಟ್ರೆಕ್‌ನ ಮೊದಲ ಪೈಲಟ್‌ನಲ್ಲಿ ಕ್ಯಾಪ್ಟನ್ ಆಗಿದ್ದೋನು ಕರ್ಕ್ ಅಲ್ಲ, ಕ್ರಿಸ್ಟೋಫರ್ ಪೈಕ್, ಪಾತ್ರ ಮಾಡಿದ್ದು ಜೆಫ್ರಿ ಹಂಟರ್. ಚಾನೆಲ್‌ನೋರು ಆ ಪೈಲಟ್ ಬೇಡ ಅಂದ್ರು. 1966ರಲ್ಲಿ ಸರಣಿ ಓಡ್ತಿದ್ದಾಗ ಎಪಿಸೋಡ್‌ಗಳು ಸಮಯಕ್ಕೆ ತಯಾರಾಗದೆ ಕೈಕಟ್ಟಿತು, ಆಗ ಬೀರುವಲ್ಲಿ ಬಿದ್ದಿದ್ದ ಆ ಹಳೇ ಪೈಲಟ್ ತೆಗೆದು ಸುತ್ತ ಒಂದು ಹೊಸ ಕಥೆ ಕಟ್ಟಿ 'ದಿ ಮೆನಾಜರಿ' ಅಂತ ಎರಡು ಭಾಗ ಮಾಡಿದ್ರು. ಹಂಟರ್ ಇರ್ಲಿಲ್ಲ, ಹಾಗಾಗಿ ಈಗಿನ ಪೈಕ್‌ಗೆ ವಿಕಿರಣದ ಅಪಘಾತ ಆಗಿದೆ, ಮುಖ ಸುಟ್ಟಿದೆ, ಮಾತಿಲ್ಲ, ಗಾಲಿಕುರ್ಚೀಲಿ ಕೂತಿದಾನೆ ಅಂತ ಮಾಡಿ ಬೇರೆ ನಟನ್ನ ಕೂರಿಸಿದ್ರು. ಕುರ್ಚಿಯ ದೀಪ ಒಂದು ಸಲ ಮಿನುಗಿದ್ರೆ ಹೌದು, ಎರಡು ಸಲ ಮಿನುಗಿದ್ರೆ ಇಲ್ಲ. ಅಪಘಾತ ಆಗಿದ್ದು ತರಬೇತಿಯಲ್ಲಿದ್ದ ಕೆಡೆಟ್ ಹುಡುಗ ಹುಡುಗೀರನ್ನ ಕಾಪಾಡೋಕೆ ಹೋಗಿ ಅನ್ನೋದಕ್ಕೆ ಒಂದೆರಡು ಸಾಲು ಮೀಸಲು. ಒಬ್ಬ ಮನುಷ್ಯನ ಹಣೆಬರಹ ಹುಟ್ಟಿದ್ದು ಹೀಗೆ, ಶೆಡ್ಯೂಲ್ ತಪ್ಪಿದ್ದರಿಂದ.

ಐವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಡಿಸ್ಕವರಿ ಪೈಕ್‌ನ ವಾಪಸ್ ಕರೀತು, ಈ ಸಲ ಪಾತ್ರ ಮಾಡಿದ್ದು ಆನ್ಸನ್ ಮೌಂಟ್. ಬೀಗ ಹಾಕೋ ಥರದ ಪರಿಹಾರ ಹಿಡಿದ ಅದೇ ಸೀಸನ್, ಇಲ್ಲಿ ಮಾತ್ರ ಬಾಗಿಲು ತೆಗೀತು. ಈಗ ಈ ಲವಲವಿಕೆಯ, ಎಲ್ಲರಿಗೂ ಅಡುಗೆ ಮಾಡಿ ಬಡಿಸೋ ಕ್ಯಾಪ್ಟನ್ ಕೊನೆಗೆ ಆ ಕುರ್ಚೀಲಿ ಕೂರಲೇಬೇಕು, ನಮಗೆ ಗೊತ್ತು. ಸುಲಭದ ದಾರಿ ಬೇಕಾದಷ್ಟಿತ್ತು, ಕಾಲ ತಿದ್ದಿ ತಪ್ಪಿಸಿಬಿಡೋದು, ಅಥವಾ ಆ ಮಾತೇ ಎತ್ತದೇ ಇರೋದು. ಅವರು ಮಾಡಿದ್ದು ಇನ್ನೊಂದು: ನಮಗೆ ಗೊತ್ತಿರೋದನ್ನ ಪೈಕ್‌ಗೂ ಗೊತ್ತು ಮಾಡಿಸಿಬಿಟ್ರು. 2019ರ ಆ ಎಪಿಸೋಡ್‌ನಲ್ಲಿ ಲೋಕ ಉಳಿಸೋಕೆ ಬೇಕಾದ ಒಂದು ಹರಳನ್ನ ಅವನು ಮುಟ್ಟಿದಾಗ ತನ್ನ ಸುಟ್ಟ ಮುಖ, ಕುರ್ಚಿ, ಎಲ್ಲ ಕಾಣತ್ತೆ. ಹರಳು ಬಿಟ್ಟು ಹೋದ್ರೆ ಈ ಭವಿಷ್ಯ ತಪ್ಪತ್ತೆ, ತಗೊಂಡ್ರೆ ಇದೇ ಖಾಯಂ. ಅವನು ಒಂದು ಕ್ಷಣ ನಡುಗ್ತಾನೆ, ಆಮೇಲೆ ತಗೋತಾನೆ. ಹುಟ್ಟಿನ ಗುಟ್ಟು ಗೊತ್ತಾದ ಮೇಲೂ ದುರ್ಯೋಧನನ ಕಡೆಗೇ ನಡೆದ ಕರ್ಣ ಕಂಡ ನಂಗೆ ಅಲ್ಲಿ.

2022ರಲ್ಲಿ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ನ ಮೊದಲ ಸೀಸನ್ ಕೊನೇ ಎಪಿಸೋಡ್ ಇನ್ನೂ ಮುಂದೆ ಹೋಯ್ತು. ಪೈಕ್ ಮುಂದೆ ತನ್ನ ಕಣ್ಣೆದುರು ಸಾಯಲಿರೋ ಕೆಡೆಟ್‌ಗಳಲ್ಲಿ ಒಬ್ಬ ಹುಡುಗನ್ನ ಭೇಟಿ ಆಗ್ತಾನೆ, ಮನಸ್ಸು ತಡೆಯಲ್ಲ, ಎಚ್ಚರಿಕೆ ಕೊಡೋಕೆ ಪತ್ರ ಬರೆಯೋಕೆ ಕೂರ್ತಾನೆ. ಆಗ ವಯಸ್ಸಾದ ಪೈಕ್ ಒಬ್ಬ ಮುಂದಿನ ಕಾಲದಿಂದ ಬಂದು, ಕುರ್ಚಿ ತಪ್ಪಿಸ್ಕೊಂಡ್ರೆ ಏನಾಗತ್ತೆ ಅಂತ ತೋರಿಸ್ತಾನೆ. ಅಲ್ಲಿ 1966ರ ಇನ್ನೊಂದು ಪ್ರಸಿದ್ಧ ಎಪಿಸೋಡ್, ರೋಮ್ಯುಲನ್ ಅನ್ನೋ ವೈರಿ ಜನಾಂಗದ ಹಡಗಿನ ಜೊತೆಗಿನ ಮುಖಾಮುಖಿ, ಕರ್ಕ್ ಬದಲು ಪೈಕ್ ಕ್ಯಾಪ್ಟನ್ ಆಗಿದ್ದಿದ್ರೆ ಅನ್ನೋ ರೀತೀಲಿ ಮತ್ತೆ ನಡೆಯತ್ತೆ. ಪೈಕ್ ಶಾಂತಿಗೆ ಪ್ರಯತ್ನ ಪಡ್ತಾನೆ, ಪರಿಣಾಮ ಯುದ್ಧ. ಆ ದಾರೀಲಿ ಸ್ಪಾಕ್ ಛಿದ್ರವಾಗಿ ಮಲಗಿರ್ತಾನೆ. ಪೈಕ್ ಪತ್ರ ಕಳಿಸಲ್ಲ. ಹಳೇ ಎಪಿಸೋಡ್‌ನ ಒಂದು ಫ್ರೇಮ್ ಕೂಡ ಸುಳ್ಳಾಗ್ಲಿಲ್ಲ, ಪದ್ಯ ಹಾಗೇ ಇದೆ.

ಇದನ್ನ ನೋಡಿದ ವಾರ ನಾನು ಅಮ್ಮನ ಪಕ್ಕ ಕೂತು ಆ 1966ರ ಎರಡು ಭಾಗ ಮತ್ತೆ ಹಾಕಿದೆ, ಅಮ್ಮನಿಗೆ ಇಂಗ್ಲಿಷ್ ಅಲ್ಪಸ್ವಲ್ಪ, ನಾನು ಮಧ್ಯೆ ಮಧ್ಯೆ ಹೇಳ್ತಿದ್ದ ಹಾಗೆ. ಅದರಲ್ಲಿ ಸ್ಪಾಕ್ ತನ್ನ ಹಳೇ ಕ್ಯಾಪ್ಟನ್‌ಗೋಸ್ಕರ ನೌಕೇನೇ ಕದ್ದು, ಹೋದ್ರೆ ಮರಣದಂಡನೆ ಅಂತ ನಿಷೇಧ ಇರೋ ಗ್ರಹಕ್ಕೆ ಅವನನ್ನ ಒಯ್ಯೋಕೆ ಹೊರಡ್ತಾನೆ, ಅಲ್ಲಿ ಪೈಕ್ ಕನಸಿನಲ್ಲಾದ್ರೂ ಎದ್ದು ಓಡಾಡಬಹುದು ಅಂತ. ಹೊರಡೋ ಮುಂಚೆ ಕೋಣೆಗೆ ಬಂದು ಪೈಕ್‌ಗೆ ಇದನ್ನ ಹೇಳ್ತಾನೆ. ಕುರ್ಚಿಯ ದೀಪ ಎರಡೆರಡು ಸಲ ಮಿನುಗತ್ತೆ. ಇಲ್ಲ. ಮತ್ತೆ ಇಲ್ಲ. ಮತ್ತೆ ಇಲ್ಲ. ಇಷ್ಟು ವರ್ಷ ನಾನು ಅದನ್ನ, ನನಗಾಗಿ ನೀನು ತೊಂದರೆಗೆ ಬೀಳಬೇಡ ಅನ್ನೋ ಒಬ್ಬ ಒಳ್ಳೇ ಮೇಲಧಿಕಾರಿಯ ಮಾತು ಅಂತಷ್ಟೇ ತಿಳ್ಕೊಂಡಿದ್ದೆ. ಈಗ ಗೊತ್ತು, ಅವನು ಆ ಕುರ್ಚಿ ಒಪ್ಕೊಂಡಿದ್ದೇ ಸ್ಪಾಕ್ ಉಳೀಲಿ ಅಂತ, ಮತ್ತೆ ಉಳಿದ ಆ ಜೀವಾನ ಸ್ಪಾಕ್ ಈಗ ಅವನಿಗೋಸ್ಕರಾನೇ ಪಣಕ್ಕಿಡ್ತಿದಾನೆ, ಬೇಡ ಅಂತ ಹೇಳೋಕೆ ಪೈಕ್ ಹತ್ರ ಒಂದು ದೀಪ ಬಿಟ್ರೆ ಏನೂ ಇಲ್ಲ.

"ಈ ಹುಡುಗನಿಗೆ ಅದು ಗೊತ್ತಾ?" ಅಂತ ಅಮ್ಮ ಸ್ಪಾಕ್ ಕಡೆ ಕೈ ತೋರಿಸಿ ಕೇಳಿದ್ರು. ಪೂರ್ತಿ ಗೊತ್ತಿರಲಾರದು ಅಂದೆ. ಅಮ್ಮ ಸೆರಗು ಎಳ್ಕೊಂಡು ಕಣ್ಣೊರೆಸಿಕೊಂಡ್ರು, ಎರಡನೇ ಭಾಗ ಹಾಕು ಅಂದ್ರು.